ಹಳೇ ಆಂಪ್ಲಿಫೈಯರ್, ವಾಲ್ವ್ ರೇಡಿಯೋ: ಕೇಳದೆ ಇರುವಾಗ ಆಫ್ ಮಾಡಬೇಕಾ?

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರ. ತಂದೆಯವರು 1980ರ ಸುಮಾರಿಗೆ ದುಬೈಯಿಂದ ತಂದ ಸನ್ಸುಯಿ ಆಂಪ್ಲಿಫೈಯರ್, ಒಂದು ಗ್ಯಾರಾರ್ಡ್ ಎಸ್‌ಪಿ 25 ರೆಕಾರ್ಡ್ ಪ್ಲೇಯರ್, ಅಜ್ಜನ ಕಾಲದ ಫಿಲಿಪ್ಸ್ ವಾಲ್ವ್ ರೇಡಿಯೋ ಇವೆ. ಮೂರನ್ನೂ ರಿಪೇರಿ ಮಾಡಿಸಿ ಈಗ ಮತ್ತೆ ಕೇಳುತ್ತಿದ್ದೇವೆ. ಪರಿಚಯದವರೊಬ್ಬರು "ಹಳೇ ಸೆಟ್ಟನ್ನು ಆಫ್ ಮಾಡಲೇಬಾರದು, ಆನ್-ಆಫ್ ಮಾಡಿದಾಗಲೇ ಹಾಳಾಗೋದು" ಎನ್ನುತ್ತಾರೆ. ಮನೆಯಲ್ಲಿ ಕರೆಂಟ್ ಬಿಲ್ಲಿನ ತಕರಾರು. ಯಾರ ಮಾತು ಸರಿ? ವರ್ಷಕ್ಕೆ ಎರಡು ಮೂರು ತಿಂಗಳು ಮುಂಬೈಗೆ ಮಗಳ ಮನೆಗೆ ಹೋಗುತ್ತೇವೆ. ಆಗ ಇವುಗಳನ್ನು ಹೇಗೆ ಬಿಟ್ಟು ಹೋಗಬೇಕು?

ಉತ್ತರ: ಕೇಳಿ ಮುಗಿದ ಮೇಲೆ ಆಫ್ ಮಾಡಿ. ಮೂರನ್ನೂ. ಮೊದಲು ಸೆಟ್ಟಿನ ಸ್ವಿಚ್, ಆಮೇಲೆ ಗೋಡೆಯ ಬೋರ್ಡಿನ ಸ್ವಿಚ್. ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನೇ ಕಿತ್ತಿಡಿ. ಆದರೆ ವರ್ಷಗಟ್ಟಲೆ ಮುಟ್ಟದೆ ಮೂಲೆಯಲ್ಲಿ ಇಡಬೇಡಿ. ವಾರಕ್ಕೊಮ್ಮೆಯಾದರೂ ಒಂದು ಗಂಟೆ ಹಾಡಿಸಿ.

ನಿಮ್ಮ ಪರಿಚಯದವರು ಹೇಳಿದ್ದು ಗಾಳಿಮಾತಲ್ಲ. ಅದಕ್ಕೊಂದು ಹಳೇ ಹಿನ್ನೆಲೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ಗುಪ್ತ ಸಂದೇಶ ಬಿಡಿಸಲು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಕೊಲೋಸಸ್ ಎಂಬ ಯಂತ್ರ ಬಂತು. ಅದನ್ನು ಕಟ್ಟಿದವರು ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್. 1944ರ ಅದರ ಎರಡನೇ ಮಾದರಿಯಲ್ಲಿ ಸುಮಾರು 2,400 ವಾಲ್ವ್‌ಗಳಿದ್ದವು. ವಾಲ್ವ್ ಎಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ಅದರ ಕೆಲಸ ಮಾಡುತ್ತಿದ್ದ, ಬಲ್ಬಿನ ಹಾಗೆ ಒಳಗೆ ಕಾಯುವ ಗಾಜಿನ ಬುರುಡೆ. ಅಷ್ಟು ವಾಲ್ವ್ ಇದ್ದರೆ ಯಾವಾಗಲೂ ಒಂದಲ್ಲ ಒಂದು ಹೋಗುತ್ತಿರುತ್ತದೆ, ಯಂತ್ರ ನಂಬುವ ಹಾಗಿರಲ್ಲ ಎಂಬ ಅನುಮಾನ ಬಹಳ ಜನಕ್ಕಿತ್ತು. ಫ್ಲವರ್ಸ್ ಟೆಲಿಫೋನ್ ವ್ಯವಸ್ಥೆಯಲ್ಲಿ ವಾಲ್ವ್ ಬಳಸಿ ಪಳಗಿದ್ದವರು. ವಾಲ್ವ್ ಹೆಚ್ಚಾಗಿ ಕೈಕೊಡುವುದು ಆನ್-ಆಫ್ ಮಾಡುವಾಗ, ಒಮ್ಮೆ ಹಚ್ಚಿ ಹಾಗೇ ಬಿಟ್ಟರೆ ಬಹಳ ಕಾಲ ಬಾಳುತ್ತದೆ ಎಂಬುದು ಅವರ ಅನುಭವ. ಹಾಗಾಗಿ ಆ ಯಂತ್ರಗಳನ್ನು ಹಗಲೂ ರಾತ್ರಿ ಆನ್ ಇಟ್ಟೇ ನಡೆಸಿದರು.

ಅವರ ಲೆಕ್ಕ ಅಲ್ಲಿಗೆ ಸರಿ. ಯಂತ್ರಕ್ಕೆ ಇಪ್ಪತ್ನಾಲ್ಕು ಗಂಟೆಯೂ ಕೆಲಸ ಇತ್ತು. ಪಕ್ಕದಲ್ಲೇ ನೋಡಿಕೊಳ್ಳುವ ಜನ ಇದ್ದರು. ಬದಲಿ ವಾಲ್ವ್ ಕೈಗೆ ಸಿಗುತ್ತಿತ್ತು. 2,400ರಲ್ಲಿ ಒಂದು ಹೋದರೂ ಕೆಲಸ ಕೆಡುತ್ತದೆ ಎಂದಾಗ ಆನ್-ಆಫ್ ಮಾಡುವುದೇ ದೊಡ್ಡ ಅಪಾಯ. ನಿಮ್ಮ ರೇಡಿಯೋದಲ್ಲಿ ಇರುವುದು ಐದೋ ಆರೋ ವಾಲ್ವ್. ದಿನಕ್ಕೆ ಒಂದೆರಡು ಗಂಟೆ ಕೇಳುತ್ತೀರಿ. ಉಳಿದ ಹೊತ್ತು ಅದು ಯಾರಿಗಾಗಿ ಉರಿಯಬೇಕು?

ಈಗ ಸನ್ಸುಯಿ ವಿಷಯ. ಅದರಲ್ಲಿ ವಾಲ್ವ್ ಇಲ್ಲ, ಟ್ರಾನ್ಸಿಸ್ಟರ್ ಮಾತ್ರ. ಟ್ರಾನ್ಸಿಸ್ಟರ್ ಗಂಟೆ ಲೆಕ್ಕದಲ್ಲಿ ಸವೆಯುವ ವಸ್ತುವಲ್ಲ. ಆನ್ ಇರುವಷ್ಟೂ ಹೊತ್ತು ಸವೆಯುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ನಮ್ಮ ಹಳೇ ಮೆಕ್ಯಾನಿಕ್‌ಗಳು ಕಂಡೆನ್ಸರ್ ಎನ್ನುವುದು. ಅದರೊಳಗೆ ಒಂದು ದ್ರವ ಇರುತ್ತದೆ. ಬಿಸಿಗೆ ಅದು ನಿಧಾನಕ್ಕೆ ಆರುತ್ತಾ ಹೋಗುತ್ತದೆ. ತಯಾರಕರು ಕೊಡುವ ಅಂದಾಜು ನಿಯಮ ಹೀಗಿದೆ: ಶಾಖ 10 ಡಿಗ್ರಿ ಕಡಿಮೆಯಾದರೆ ಆಯುಸ್ಸು ಎರಡು ಪಟ್ಟು, 10 ಡಿಗ್ರಿ ಹೆಚ್ಚಾದರೆ ಅರ್ಧ.

ಒಂದು ಲೆಕ್ಕ ಹಾಕಿ ನೋಡೋಣ. ಸಾಧಾರಣ ಕೆಪಾಸಿಟರ್ ಮೇಲೆ 85 ಡಿಗ್ರಿ ಎಂದು ಬರೆದಿರುತ್ತದೆ. ಆ ಶಾಖದಲ್ಲಿ ಅದರ ಆಯುಸ್ಸು 2,000 ಗಂಟೆ ಎಂದಿಟ್ಟುಕೊಳ್ಳಿ. ಕರಾವಳಿ ಸೆಖೆಯಲ್ಲಿ, ಶೋಕೇಸಿನೊಳಗೆ ಇಟ್ಟ ಆಂಪ್ಲಿಫೈಯರ್‌ನ ಒಳಗೆ 55 ಡಿಗ್ರಿ ಇದೆ ಅನ್ನಿ. 30 ಡಿಗ್ರಿ ಕಡಿಮೆ, ಅಂದರೆ ಎಂಟು ಪಟ್ಟು: 16,000 ಗಂಟೆ. ವರ್ಷಕ್ಕೆ 8,760 ಗಂಟೆ. ಆಫ್ ಮಾಡದೆ ಬಿಟ್ಟರೆ ಎರಡು ವರ್ಷವೂ ತುಂಬುವುದಿಲ್ಲ. ದಿನಕ್ಕೆ ಎರಡು ಗಂಟೆ ಕೇಳಿದರೆ ವರ್ಷಕ್ಕೆ 730 ಗಂಟೆ, ಅಂದರೆ ಸುಮಾರು 22 ವರ್ಷ. ನಿಜವಾದ ಸೆಟ್ಟಿನಲ್ಲಿ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಒಳ್ಳೆ ಜಪಾನಿ ಕೆಪಾಸಿಟರ್‌ಗಳು ಈ ಲೆಕ್ಕ ಮೀರಿ ಬಾಳಿವೆ. ಆದರೆ ಎರಡಕ್ಕೂ ಇರುವ ಅಂತರ ಎಷ್ಟು ದೊಡ್ಡದು ನೋಡಿ. ಆನ್-ಆಫ್‌ನಿಂದ ಆಗುವ ಸವೆತ ಇದರ ಮುಂದೆ ಏನೂ ಅಲ್ಲ.

ಆ ಕಾಲದ ಸನ್ಸುಯಿಗಳಲ್ಲಿ ಇನ್ನೊಂದು ತೊಂದರೆ ಇದೆ. 1970ರ ದಶಕದ ಕೊನೆ, 80ರ ಶುರುವಿನ ಬಹಳಷ್ಟು ಜಪಾನಿ ಸೆಟ್ಟುಗಳಲ್ಲಿ ದೊಡ್ಡ ಕೆಪಾಸಿಟರ್ ಅಲ್ಲಾಡದಿರಲಿ ಎಂದು ಬೋರ್ಡಿಗೆ ಗೋಂದು ಹಾಕಿರುತ್ತಾರೆ. ಹೊಸದಿರುವಾಗ ಅದು ತಿಳಿ ಬಣ್ಣ. ಬಿಸಿ ತಾಗಿ ತಾಗಿ ಕಂದಾಗುತ್ತದೆ. ಕಂದಾದ ಗೋಂದು ಪಕ್ಕದ ರೆಸಿಸ್ಟರಿನ, ಡಯೋಡಿನ ಕಾಲುಗಳನ್ನು ತಿನ್ನುತ್ತದೆ. ಕೆಲವೊಮ್ಮೆ ಅದರ ಮೂಲಕವೇ ಕರೆಂಟು ಹರಿಯಲು ಶುರುವಾಗುತ್ತದೆ. ರಿಪೇರಿ ಮಾಡಿದವರು ಇದನ್ನು ಕೆರೆದು ತೆಗೆದಿದ್ದಾರಾ ಎಂದು ಕೇಳಿ. ತೆಗೆದಿಲ್ಲ ಎಂದರೆ ತೆಗೆಸಿ. ಅಲ್ಲಿಯವರೆಗೆ ಸೆಟ್ಟು ಬಿಸಿಯಾಗಿರುವ ಹೊತ್ತು ಕಡಿಮೆ ಇದ್ದಷ್ಟೂ ಒಳ್ಳೆಯದು.

ಆನ್ ಇಟ್ಟೇ ಬಿಡುವುದರ ಪರವಾಗಿ ಒಂದು ನಿಜವಾದ ವಾದ ಇದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಬಿಸಿಯಾದಾಗ ಲೋಹ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ದಿನಾ ಹೀಗಾದರೆ ಬಿಸಿ ರೆಸಿಸ್ಟರುಗಳ ಕಾಲಿನ ಹತ್ತಿರ, ಔಟ್‌ಪುಟ್ ಟ್ರಾನ್ಸಿಸ್ಟರಿನ ಹತ್ತಿರ ಬೆಸುಗೆ ಬಿರುಕು ಬಿಡುತ್ತದೆ. ಡ್ರೈ ಸೋಲ್ಡರ್ ಅಂತಾರಲ್ಲ, ಅದೇ. ಆನ್ ಮಾಡುವ ಕ್ಷಣದಲ್ಲಿ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಒಮ್ಮೆಗೇ ತುಂಬಿಕೊಳ್ಳುತ್ತವೆ. ಆಗ ಸ್ವಿಚ್ಚಿನ ಮೇಲೆ ಒಂದು ಹೊಡೆತ ಬೀಳುತ್ತದೆ, ಅದರ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗುತ್ತದೆ. ಡಯಲ್ಲಿನ ಸಣ್ಣ ಬಲ್ಬ್ ಸುಡುವುದೂ ಸಾಮಾನ್ಯವಾಗಿ ಆಗಲೇ, ಯಾಕೆಂದರೆ ತಣ್ಣಗಿರುವ ಟಂಗ್‌ಸ್ಟನ್ ತಂತಿ ಕಾದ ತಂತಿಗಿಂತ ಬಹಳ ಜಾಸ್ತಿ ಕರೆಂಟು ಎಳೆಯುತ್ತದೆ. ಎಲ್ಲವೂ ನಿಜ. ಆದರೆ ಬಿರುಕು ಬಿಟ್ಟ ಬೆಸುಗೆಯನ್ನು ಒಬ್ಬ ಒಳ್ಳೆ ಮೆಕ್ಯಾನಿಕ್ ಕೂತ ಕಡೆಯೇ ಮತ್ತೆ ಹಾಕಬಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರ್‌ಗೆ, ಹೋದ ಮೂಲ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಎಲ್ಲಿ ಹುಡುಕುತ್ತೀರಿ? ದಿನಕ್ಕೆ ಒಂದು ಸಲ ಆನ್, ಒಂದು ಸಲ ಆಫ್ ಎಂದರೆ ಸ್ವಿಚ್ಚಿಗೂ ಹೆಚ್ಚೇನೂ ಅಲ್ಲ. ಅರ್ಧ ಗಂಟೆಗೊಮ್ಮೆ ಆನ್-ಆಫ್ ಮಾಡುವ ಅಭ್ಯಾಸ ಇದ್ದರೆ ಮಾತ್ರ ಬಿಡಿ. ಊಟ ಮಾಡಿ ಬಂದು ಮತ್ತೆ ಕೇಳುವುದಿದ್ದರೆ ಹಾಗೇ ಆನ್ ಇರಲಿ.

ಬಿಲ್ಲಿನ ಮಾತೂ ಸರಿಯೇ. ಇಂಥ ಆಂಪ್ಲಿಫೈಯರ್ ಹಾಡದೆ ಸುಮ್ನೆ ಆನ್ ಇದ್ದರೂ 40 ವ್ಯಾಟ್ ಆಸುಪಾಸು ತಿನ್ನಬಹುದು. ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್, ತಿಂಗಳಿಗೆ 29 ಯೂನಿಟ್. ಗೃಹಜ್ಯೋತಿಯ ಮಿತಿಯೊಳಗೆ ಇರಬೇಕು ಎನ್ನುವ ಮನೆಗೆ ಇದು ಚಿಕ್ಕ ಸಂಖ್ಯೆಯಲ್ಲ.

ಬಿಸಿಯಾದ ಮೇಲೆ ಧ್ವನಿ ಚೆನ್ನಾಗಿರುತ್ತದೆ ಎನ್ನುವವರಿದ್ದಾರೆ. ಸ್ವಲ್ಪ ನಿಜ. ಔಟ್‌ಪುಟ್ ಟ್ರಾನ್ಸಿಸ್ಟರಿನ ಕರೆಂಟು ಒಂದು ಹದಕ್ಕೆ ಬರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದಕ್ಕೆ ಕೇಳುವ ಅರ್ಧ ಗಂಟೆ ಮುಂಚೆ ಆನ್ ಮಾಡಿದರೆ ಸಾಕು.

ಆನ್ ಮಾಡುವಾಗ ವಾಲ್ಯೂಮ್ ಪೂರ್ತಿ ಕೆಳಗಿರಲಿ. ಪ್ಲೇಯರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಇಲ್ಲದಿದ್ದರೆ "ಧಡ್" ಎಂಬ ಸದ್ದು ನೇರ ಸ್ಪೀಕರಿಗೆ ಹೋಗುತ್ತದೆ. ಸನ್ಸುಯಿ ಆನ್ ಆದ ಕೆಲವು ಸೆಕೆಂಡಿಗೆ ಒಳಗಿಂದ "ಟಕ್" ಎಂದು ಸ್ಪೀಕರನ್ನು ತಾನಾಗಿಯೇ ಜೋಡಿಸುವ ಸ್ವಿಚ್ಚಿನ (ರಿಲೇ) ಸದ್ದು ಕೇಳುತ್ತದೆ ಅಲ್ವಾ? ಅದನ್ನು ಗಮನಿಸುತ್ತಾ ಇರಿ. ಅದು ದಿನದಿಂದ ದಿನಕ್ಕೆ ತಡವಾದರೆ, ಬಂದು ಬಂದು ಬಿಟ್ಟುಹೋದರೆ, ಒಳಗೆ ಏನೋ ಸರಿಯಿಲ್ಲ. ದಿನಾ ಆನ್ ಮಾಡುವವರಿಗೆ ಈ ಸೂಚನೆ ಸಿಗುತ್ತದೆ. ಯಾವಾಗಲೂ ಆನ್ ಇಟ್ಟವರಿಗೆ ಸಿಗುವುದಿಲ್ಲ.

ಇನ್ನು ವಾಲ್ವ್ ರೇಡಿಯೋ. ಇದರ ಬಗ್ಗೆ ನನಗೆ ಎರಡು ಮಾತೇ ಇಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ವಾಲ್ವ್ ರೇಡಿಯೋ ಆನ್ ಇರಬಾರದು. ನೀವು ಅಂಗಡಿಗೆ ಹೋಗಿ ಬರುವಷ್ಟು ಹೊತ್ತೂ ಬೇಡ.

ವಾಲ್ವಿನೊಳಗೆ ಕ್ಯಾಥೋಡ್ ಎಂಬ ಭಾಗ ಕಾದು ಎಲೆಕ್ಟ್ರಾನ್ ಬಿಡುತ್ತದೆ. ಅದರ ಮೇಲಿನ ಲೇಪ ಗಂಟೆ ಲೆಕ್ಕದಲ್ಲಿ ಸವೆಯುತ್ತದೆ. ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್ ಕೆಲವು ಸಾವಿರ ಗಂಟೆ ಚೆನ್ನಾಗಿ ಕೆಲಸ ಮಾಡುತ್ತದೆ. ವರ್ಷವಿಡೀ ಆನ್ ಇಟ್ಟರೆ ಅದರ ಆಯುಸ್ಸು ಒಂದು ವರ್ಷಕ್ಕೇ ಮುಗಿಯಬಹುದು.

ಅದಕ್ಕಿಂತ ದೊಡ್ಡ ಭಯ ಬೇರೆ ಇದೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ, ಅಂದರೆ ಕರೆಂಟನ್ನು ಹತೋಟಿಯಲ್ಲಿಡುವ ತಂತಿಯ ಬಲೆಗೆ, ಹಿಂದಿನ ವಾಲ್ವಿನಿಂದ ಒಂದು ಸಣ್ಣ ಕೆಪಾಸಿಟರ್ ಮೂಲಕ ಸಂಪರ್ಕ ಇರುತ್ತದೆ. ಹಳೇ ಸೆಟ್ಟುಗಳಲ್ಲಿ ಅದು ಕಾಗದದ್ದು, ಮೇಲೆ ಮೇಣ. ನಮ್ಮ ತೇವಕ್ಕೆ ಆ ಕಾಗದ ಕೆಟ್ಟು ಹೈ ವೋಲ್ಟೇಜು ಗ್ರಿಡ್ಡಿಗೆ ಸೋರುತ್ತದೆ. ಆಗ ವಾಲ್ವ್ ಮಿತಿ ಮೀರಿ ಕರೆಂಟು ಎಳೆದು ಒಳಗಿನ ತಗಡೇ ಕೆಂಪಾಗುತ್ತದೆ. ನೋಡಿ ಆಫ್ ಮಾಡುವವರು ಇಲ್ಲದಿದ್ದರೆ ವಾಲ್ವ್ ಹೋಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ, ಬೆಂಕಿಯೂ ಬೀಳಬಹುದು. ಈ ಕಾಗದದ ಕೆಪಾಸಿಟರ್ ಬದಲಾಗಿದೆಯಾ ಎಂದು ಇವತ್ತೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿ. ಕೆಲವೇ ರೂಪಾಯಿಯ ಬಿಡಿಭಾಗ ಅದು.

ಜೊತೆಗೆ ವೋಲ್ಟೇಜ್ ನೋಡಿ. ರಾತ್ರಿ ಹನ್ನೊಂದರ ನಂತರ, ಊರಿನ ಲೋಡ್ ಇಳಿದ ಮೇಲೆ, ಮೀಟರ್ ಹಿಡಿದು ಅಳೆಯಿರಿ. ಕೆಲವು ಕಡೆ 245 ದಾಟುತ್ತದೆ. ರೇಡಿಯೋ ಹಿಂದಿನ ವೋಲ್ಟೇಜ್ ಸೆಲೆಕ್ಟರ್ 220ರಲ್ಲಿ ಇದ್ದು, ಲೈನಿನಲ್ಲಿ 245 ಬಂದರೆ, 6.3 ವೋಲ್ಟ್ ಸಿಗಬೇಕಾದ ವಾಲ್ವ್ ಹೀಟರಿಗೆ (ಕ್ಯಾಥೋಡನ್ನು ಕಾಯಿಸುವ ತಂತಿಗೆ) 7 ವೋಲ್ಟ್ ಸಿಗುತ್ತದೆ. ಶೇ. 11 ಜಾಸ್ತಿ. ಆನ್-ಆಫ್‌ಗಿಂತ ಇದು ವಾಲ್ವಿನ ಜೀವ ಬೇಗ ತೆಗೆಯುತ್ತದೆ. ಸೆಲೆಕ್ಟರಿನಲ್ಲಿ 240 ಅಥವಾ 245 ಎಂಬ ಜಾಗ ಇದ್ದರೆ ಪ್ಲಗ್ ಕಿತ್ತು ಅಲ್ಲಿಗೆ ಬದಲಿಸಿ. ಇಲ್ಲದಿದ್ದರೆ ಒಳ್ಳೆಯ ಸ್ಟೆಬಿಲೈಸರ್ ಹಾಕಿ.

ರೇಡಿಯೋದ ಹಿಂಬದಿ ತೆಗೆದಾಗ ವಾಲ್ವ್‌ಗಳ ಮೇಲೆ ಬರೆದ ಹೆಸರನ್ನು ಓದಿ ನೋಡಿ. ಇಸಿಎಚ್ 81, ಇಬಿಎಫ್ 89, ಇಎಲ್ 84 ಎಂದು "ಇ"ಯಿಂದ ಶುರುವಾದರೆ 6.3 ವೋಲ್ಟ್ ಹೀಟರಿನ ವಾಲ್ವ್‌ಗಳು. ಸಾಮಾನ್ಯವಾಗಿ ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯುಸಿಎಚ್ 81, ಯುಎಲ್ 84, ಯುವೈ 85 ಎಂದು "ಯು"ನಿಂದ ಶುರುವಾದರೆ ಅದು ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್ಟು. ಇಂಥ ಸೆಟ್ಟಿನ ಚಾಸಿ, ಅಂದರೆ ಒಳಗಿನ ಲೋಹದ ಚೌಕಟ್ಟು, ನೇರ ಲೈನಿಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗುಮುರುಗಾದರೆ ಚಾಸಿಯ ಮೇಲೆ 230 ವೋಲ್ಟ್ ಬರುತ್ತದೆ. ರೇಡಿಯೋ ಸ್ವಿಚ್ ಆಫ್ ಇದ್ದರೂ ಬರಬಹುದು. ಗುಂಡಿ ಕಳಚಿದ ಜಾಗದ ಲೋಹದ ಕಡ್ಡಿ ಮುಟ್ಟಿದರೂ ಸಾಕು, ಶಾಕ್. ಮನೆಯಲ್ಲಿ ಮೊಮ್ಮಕ್ಕಳು ಓಡಾಡುತ್ತಿದ್ದರೆ ಇಂಥ ಸೆಟ್ಟಿನ ಪ್ಲಗ್ ಕಿತ್ತೇ ಇಡಬೇಕು. ಅದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ವಾಲ್ವ್ ಸೆಟ್ಟನ್ನು ಆಫ್ ಮಾಡಿದ ತಕ್ಷಣ ಮತ್ತೆ ಆನ್ ಮಾಡಬೇಡಿ. ಕ್ಯಾಥೋಡ್ ಇನ್ನೂ ಬಿಸಿ ಇರುತ್ತದೆ, ಕೆಪಾಸಿಟರ್ ಖಾಲಿಯಾಗಿರುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವಿಗೆ ಒಮ್ಮೆಗೇ ಭಾರ ಬೀಳುತ್ತದೆ. ಎರಡು ಮೂರು ನಿಮಿಷ ತಡೆಯಿರಿ. ಕರೆಂಟು ಹೋಗಿ, ಬಂದು, ಮತ್ತೆ ಹೋಗುವ ಸಂಜೆಗಳಲ್ಲಿ ಇದೇ ಆಗುವುದು. ಹಾಗಾಗಿ ಕರೆಂಟು ಹೋದ ಕೂಡಲೇ ಸ್ವಿಚ್ ಆಫ್ ಮಾಡಿಬಿಡಿ. ಸರಿಯಾಗಿ ಬಂದು ನಿಂತ ಮೇಲೆ ಹಾಕಿ. ಕೆಲವು ವಾಲ್ವ್ ಆಂಪ್ಲಿಫೈಯರ್‌ಗಳಲ್ಲಿ ಸ್ಟ್ಯಾಂಡ್‌ಬೈ ಸ್ವಿಚ್ ಇರುತ್ತದೆ. ಹೀಟರ್ ಮಾತ್ರ ಕಾಯಿಸಿಟ್ಟು ದಿನಗಟ್ಟಲೆ ಬಿಡುವುದೂ ಒಳ್ಳೆಯದಲ್ಲ. ಕರೆಂಟು ಹರಿಯದೆ ಬರೀ ಕಾಯುತ್ತಿರುವ ಕ್ಯಾಥೋಡಿನೊಳಗೆ ಒಂದು ತಡೆಯ ಪದರ ಬೆಳೆದು ವಾಲ್ವ್ ಮಂಕಾಗುತ್ತದೆ.

ಗ್ಯಾರಾರ್ಡ್ ವಿಷಯ ಪೂರ್ತಿ ಬೇರೆ. ಅಲ್ಲಿ ಬಿಸಿಯ ಚಿಂತೆ ಕಡಿಮೆ, ರಬ್ಬರಿನ ಚಿಂತೆ ಹೆಚ್ಚು. ಎಸ್‌ಪಿ 25ರಲ್ಲಿ ಮೋಟಾರಿನಿಂದ ತಟ್ಟೆಗೆ ತಿರುಗುವಿಕೆಯನ್ನು ಸಾಗಿಸುವುದು ಒಂದು ರಬ್ಬರ್ ಚಕ್ರ. ಹಾಡು ಮುಗಿದು ಅದಾಗಿಯೇ ನಿಂತರೆ, ಅಥವಾ ನೀವು ಅದರ ಲಿವರಿನಿಂದ ನಿಲ್ಲಿಸಿದರೆ, ಆ ಚಕ್ರ ಮೋಟಾರಿನ ಕಡ್ಡಿಯಿಂದ ಸರಿದು ಬಿಡುಗಡೆಯಾಗುತ್ತದೆ. ಗೋಡೆಯ ಸ್ವಿಚ್ಚಿನಿಂದ ನಿಲ್ಲಿಸಿದರೆ ಚಕ್ರ ಕಡ್ಡಿಗೆ ಒತ್ತಿಕೊಂಡೇ ನಿಲ್ಲುತ್ತದೆ. ರೆಕಾರ್ಡ್ ಅರ್ಧದಲ್ಲಿ ಕರೆಂಟು ಹೋದರೂ ಅಷ್ಟೇ. ಒಂದು ರಾತ್ರಿ, ಎರಡು ರಾತ್ರಿ ಹಾಗೇ ಇದ್ದರೆ ರಬ್ಬರಿನಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಪ್ರತಿ ಸುತ್ತಿಗೂ "ಧಬ್ ಧಬ್" ಎಂಬ ಸದ್ದು ಸ್ಪೀಕರಿನಲ್ಲಿ ಕೇಳುತ್ತದೆ. ಆದ್ದರಿಂದ ಕರೆಂಟು ಹೋದಾಗ ಎದ್ದು ಹೋಗಿ ಮುಳ್ಳು ಎತ್ತಿ, ಲಿವರನ್ನು ಆಫ್‌ಗೆ ತನ್ನಿ. ಹಳೇ ಕ್ಯಾಸೆಟ್ ಡೆಕ್ ಇರುವವರಿಗೂ ಇದೇ ಮಾತು. ಪ್ಲೇ ಗುಂಡಿ ಒತ್ತಿದ ಹಾಗೇ ಕರೆಂಟು ಹೋದರೆ ಸ್ಟಾಪ್ ಒತ್ತಿ ಬಿಡಿ. ಇಲ್ಲದಿದ್ದರೆ ಟೇಪನ್ನು ಎಳೆಯುವ ರಬ್ಬರ್ ರೋಲರ್ ಚಪ್ಪಟೆಯಾಗಿ ಹಾಡು ಅಲೆಅಲೆಯಾಗಿ ಬರುತ್ತದೆ.

ಸೆಟ್ಟಿನ ಸ್ವಿಚ್ ಆಫ್ ಮಾಡಿದ ಮೇಲೆ ಗೋಡೆಯ ಸ್ವಿಚ್ ಯಾಕೆ ಎಂದು ಕೇಳಬಹುದು. ಕೆಲವು ಹಳೇ ಸೆಟ್ಟುಗಳಲ್ಲಿ ಮೇನ್ಸಿಗೆ ಅಡ್ಡಲಾಗಿ ಒಂದು ಕಾಗದದ ಕೆಪಾಸಿಟರ್ ಇರುತ್ತದೆ. ಅದು ಸ್ವಿಚ್ಚಿಗಿಂತ ಮುಂಚೆಯೇ ಕೂತಿದ್ದರೆ, ಸೆಟ್ಟು ಆಫ್ ಇದ್ದರೂ ಅದರ ಮೇಲೆ 230 ವೋಲ್ಟ್ ಇದ್ದೇ ಇರುತ್ತದೆ. ರಿಫಾ ಎಂಬ ಹೆಸರಿನ ಹಳದಿ ಬಣ್ಣದ ಕೆಪಾಸಿಟರ್‌ಗಳು ಇದಕ್ಕೆ ಕುಖ್ಯಾತ. ರೆವಾಕ್ಸ್ ಟೇಪ್ ರೆಕಾರ್ಡರುಗಳಲ್ಲಿ ಇವು ಸಿಗುತ್ತವೆ. ಹೊರಗಿನ ಕವಚ ಬಿರುಕು ಬಿಟ್ಟು ತೇವ ಎಳೆದುಕೊಳ್ಳುತ್ತದೆ, ಒಂದು ದಿನ "ಫಟ್" ಎಂದು ಒಡೆದು ಮನೆ ತುಂಬ ಹೊಗೆ. ನಮ್ಮಲ್ಲಿ ಪ್ರತಿ ಸಾಕೆಟ್ಟಿನ ಪಕ್ಕ ಒಂದು ಸ್ವಿಚ್ ಇರುವುದು ದೊಡ್ಡ ಅನುಕೂಲ, ಬಳಸಿಕೊಳ್ಳಿ. ಆದರೆ ಆ ಸ್ವಿಚ್ ಕತ್ತರಿಸುವುದು ಒಂದೇ ತಂತಿಯನ್ನು. ವೈರಿಂಗ್ ಮಾಡಿದವರು ಫೇಸ್ ಬದಲು ನ್ಯೂಟ್ರಲ್ಲನ್ನು ಸ್ವಿಚ್ಚಿಗೆ ಕೊಟ್ಟಿದ್ದರೆ ಆಫ್ ಆದ ಮೇಲೂ ಸಾಕೆಟ್ಟಿನಲ್ಲಿ ಫೇಸ್ ಇರುತ್ತದೆ. ಟೆಸ್ಟರ್ ಹಾಕಿ ಒಮ್ಮೆ ನೋಡಿಕೊಳ್ಳಿ.

ಸಿಡಿಲಿಗೆ ಮಾತ್ರ ಯಾವ ಸ್ವಿಚ್ಚೂ ಸಾಲದು. ಸ್ವಿಚ್ಚಿನೊಳಗಿನ ಅಂತರ ಮಿಲಿಮೀಟರ್ ಲೆಕ್ಕದ್ದು. ಮೋಡದಿಂದ ನೆಲಕ್ಕೆ ಬಂದ ಮಿಂಚಿಗೆ ಅದೊಂದು ಅಡ್ಡಿಯೇ ಅಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು, ಆಮೇಲೆ ಅಕ್ಟೋಬರ್ ಆಸುಪಾಸಿನ ಗುಡುಗು, ಇವೆರಡು ಕಾಲದಲ್ಲಿ ಪ್ಲಗ್ ಹೊರಗೇ ಇರಲಿ. ರೇಡಿಯೋಗೆ ಹೊರಗಿನಿಂದ ಏರಿಯಲ್ ತಂತಿ ಎಳೆದಿದ್ದರೆ ಅದನ್ನೂ ಕಳಚಿ ಕಿಟಕಿಯ ಹೊರಗೆ ಬಿಡಿ. ಜನ ಮರೆಯುವುದು ಟಿವಿಯಿಂದ ಆಂಪ್ಲಿಫೈಯರಿಗೆ ಹಾಕಿದ ವೈರನ್ನು. ಟಿವಿಗೆ ಕೇಬಲ್ಲೋ ಡಿಶ್ಶೋ ಇದ್ದರೆ ಸಿಡಿಲು ಆ ದಾರಿಯಲ್ಲೇ ಬಂದು ಆಂಪ್ಲಿಫೈಯರ್ ಸೇರುತ್ತದೆ.

ಇಷ್ಟೆಲ್ಲ ಆಫ್ ಮಾಡಿ ಎಂದ ಮೇಲೆ, ಆನ್ ಮಾಡುವುದನ್ನೂ ಹೇಳಬೇಕು. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಸ್ಪೀಕರಿನ ಕಾಗದದ ಕೋನಿಗೆ ಬೂಷ್ಟು ಹಿಡಿಯುತ್ತದೆ, ಸ್ವಿಚ್ಚುಗಳ ಕಾಂಟ್ಯಾಕ್ಟ್ ಕಪ್ಪಾಗುತ್ತದೆ, ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ. ಆ ನಾಲ್ಕು ತಿಂಗಳು ವಾರಕ್ಕೆ ಎರಡು ಸಲ ಒಂದೊಂದು ಗಂಟೆ ಹಾಡಿಸಿ. ಒಳಗಿನ ಬಿಸಿಗೆ ತೇವ ಹೊರಗೆ ಹೋಗುತ್ತದೆ. ಹಾಡಿಸುವಾಗ ಎಲ್ಲ ಗುಂಡಿಗಳನ್ನೂ ಸ್ವಿಚ್ಚುಗಳನ್ನೂ ಆ ಕಡೆ ಈ ಕಡೆ ತಿರುಗಿಸಿ. ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಹತ್ತಿಯ ಬಟ್ಟೆ ಸಾಕು, ಆನ್ ಮಾಡುವಾಗ ಅದನ್ನೂ ತೆಗೆಯಿರಿ.

ಮುಂಬೈಗೆ ಹೋಗುವ ವಿಚಾರ. ಎರಡು ಮೂರು ತಿಂಗಳು ಆಫ್ ಇದ್ದರೆ ಕೆಪಾಸಿಟರಿಗೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಬಿಟ್ಟರೆ ಅದರೊಳಗಿನ ಆಕ್ಸೈಡ್ ಪದರ ತೆಳುವಾಗುತ್ತದೆ. ಅಂಥ ಸೆಟ್ಟಿಗೆ ಒಮ್ಮೆಗೇ 230 ವೋಲ್ಟ್ ಕೊಡಬಾರದು. ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸುವ ಸಾಧನ) ಇರುವ ಮೆಕ್ಯಾನಿಕ್ ಹತ್ತಿರ ಒಯ್ದು ವೋಲ್ಟೇಜನ್ನು ನಿಧಾನಕ್ಕೆ ಏರಿಸಬೇಕು. ನಿಮ್ಮದು ಆ ಲೆಕ್ಕಕ್ಕೆ ಬರುವುದಿಲ್ಲ. ಸಾಧ್ಯವಾದರೆ ಮಳೆಗಾಲ ಬಿಟ್ಟು ಬೇರೆ ತಿಂಗಳಲ್ಲಿ ಹೋಗಿ. ಹೊರಡುವ ಮುಂಚೆ ಎಲ್ಲ ಪ್ಲಗ್ ಕಿತ್ತು, ಸೆಲ್ ಹಾಕಿದ ಟ್ರಾನ್ಸಿಸ್ಟರ್ ರೇಡಿಯೋ, ಟೂ-ಇನ್-ಒನ್ ಏನಾದರೂ ಇದ್ದರೆ ಸೆಲ್ ತೆಗೆದಿಡಿ. ಸೋರಿದ ಸೆಲ್ ಒಳಗಿನ ತಾಮ್ರವನ್ನೇ ತಿಂದುಹಾಕುತ್ತದೆ.

ವಾಪಸ್ ಬಂದ ದಿನವೇ ಆತುರದಲ್ಲಿ ಆನ್ ಮಾಡಬೇಡಿ. ಪ್ಲಗ್ ಹಾಕುವ ಮುಂಚೆ ರೇಡಿಯೋದ ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಇಲಿಯ ಗೂಡು, ಇರುವೆ, ಸತ್ತ ಹಲ್ಲಿ ಏನಾದರೂ ಇರಬಹುದು. ಒಂದು ಬಿಸಿಲಿನ ದಿನ ಕಿಟಕಿ ತೆರೆದು ಕೋಣೆಗೆ ಗಾಳಿಯಾಡಲು ಬಿಡಿ. ಮೊದಲ ಸಲ ಸೀರೀಸ್ ಬೋರ್ಡಿನ ಮೂಲಕ, ಅಂದರೆ ಕರೆಂಟು ಒಂದು ಬಲ್ಬ್ ದಾಟಿಯೇ ಸೆಟ್ಟಿಗೆ ಹೋಗುವ ಬೋರ್ಡಿನ ಮೂಲಕ, ಹಾಕಿದರೆ ಒಳ್ಳೆಯದು. ಅದಕ್ಕೆ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬೇ ಬೇಕು, ಎಲ್‌ಇಡಿ ಆಗುವುದಿಲ್ಲ. ಸನ್ಸುಯಿ ಹಾಕಿದಾಗ ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ ಇದೆ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ವಾಲ್ವ್ ರೇಡಿಯೋ ಹೀಟರಿಗೂ ಕರೆಂಟು ಎಳೆಯುವುದರಿಂದ ಬಲ್ಬ್ ಸ್ವಲ್ಪ ಉರಿಯುತ್ತಲೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ನೇರ ಲೈನಿಗೆ ಹಾಕಿದ ಮೇಲೆ ಮೊದಲ ಹದಿನೈದು ನಿಮಿಷ ಕೋಣೆಯಲ್ಲೇ ಇರಿ. ಸುಟ್ಟ ವಾಸನೆ ಬಂದರೆ, ಗುಂಯ್ ಎಂಬ ಸದ್ದು ಹೋಗುವ ಮುಂಚಿಗಿಂತ ಜಾಸ್ತಿ ಇದ್ದರೆ, ತಕ್ಷಣ ಪ್ಲಗ್ ಕಿತ್ತು ಮೆಕ್ಯಾನಿಕ್ಕಿಗೆ ತೋರಿಸಿ.